ಕಾಗೆ ಮುಟ್ಟಿದ ಎಡೆ

ನನ್ನ ಹೆಸರು ಶಿವಶಂಕರ. ಆಧಾರ್ ಕಾರ್ಡಿನಲ್ಲಿ, ಗೂಡ್ಸ್ ಆಟೊದ ಕಾಗದಪತ್ರದಲ್ಲಿ ಹಾಗೇ ಇದೆ. ಆದರೆ ಸತ್ತೇಗಾಲಕ್ಕೆ ಬಂದು ಶಿವಶಂಕರನ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ಕಾಗೆ ಶಂಕ್ರ ಅಂದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಕಪ್ಪಗಿದ್ದೇನೆ ಎಂದು ಇಟ್ಟ ಹೆಸರು ಅಂತ ಊರವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ. ಆ ಹೆಸರು ಇಟ್ಟವನು ಪ್ರಭುಸ್ವಾಮಿ. ಅವನು ಸತ್ತು ಹತ್ತು ವರ್ಷವಾಯಿತು.

ನಮ್ಮಜ್ಜಿ ಶಿವನಂಜಮ್ಮನಿಗೆ ಕಾಗೆಗೆ ಒಂದು ತುತ್ತು ಇಡದೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಅಜ್ಜಿಗೆ ಮಂಡಿನೋವು ಬಂದ ಮೇಲೆ ಮಾಳಿಗೆ ಹತ್ತುವ ಕೆಲಸ ನನ್ನ ತಲೆಗೆ ಬಿತ್ತು. ನನಗಾಗ ಎಂಟೋ ಒಂಬತ್ತೋ. ಇಡು ಅಂದದ್ದನ್ನು ಇಟ್ಟು ಸುಮ್ಮನೆ ಇಳಿದು ಬರುವ ಜಾಯಮಾನ ನನ್ನದಲ್ಲ. ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಟಕ್ ಟಕ್ ಎಂದು ಎರಡು ಸಲ ಸದ್ದು ಮಾಡಿ ಆಮೇಲೆ ತುತ್ತು ಎಸೆಯುತ್ತಿದ್ದೆ. ಆರು ತಿಂಗಳಲ್ಲಿ ಕಾಗೆಗಳು ಆ ಸದ್ದಿಗೇ ಬರತೊಡಗಿದವು. ಶಾಲೆಗೆ ಹೋದರೆ ಶಾಲೆಯ ಹೆಂಚಿನ ಮೇಲೆ, ಹೊಳೆಗೆ ಹೋದರೆ ಹೊಂಗೆ ಮರದ ಮೇಲೆ, ನನ್ನ ಮುಖ ಕಂಡರೆ ಸಾಕು, ಬಂದು ಕೂತು ಕತ್ತು ಓರೆ ಮಾಡಿ ನನ್ನ ಕೈಯನ್ನೇ ನೋಡುತ್ತಿದ್ದವು. ಅನ್ನಕ್ಕಿಂತ ಅವಕ್ಕೆ ಮೀನಿನ ಕರುಳು ಇಷ್ಟ ಎಂದು ಕಂಡುಹಿಡಿದವನು ಮಾತ್ರ ಪ್ರಭು.

ಪ್ರಭು ನನ್ನ ಜೊತೆಯೇ ಆರನೇ ಕ್ಲಾಸು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನಪ್ಪ ಚಿನ್ನಸ್ವಾಮಿ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಅಮ್ಮ ಪುಟ್ಟಗೌರಮ್ಮ ಗದ್ದೆ ನಾಟಿಗೆ ಹೋಗುತ್ತಿದ್ದರು. ನೆಂಟಸ್ತನ ಏನೂ ಇಲ್ಲದಿದ್ದರೂ ನಾನು ಅವರನ್ನು ಮಾವ, ಅತ್ತೆ ಎಂದೇ ಕರೆಯುತ್ತಿದ್ದೆ. ಪ್ರಭುವಿಗೆ ಎರಡು ವರ್ಷ ದೊಡ್ಡವಳು ಅಕ್ಕ ದೀಪ. ಮೂರು ಹೊತ್ತಿನಲ್ಲಿ ಒಂದು ಹೊತ್ತು ನನ್ನ ಊಟ ಆ ಮನೆಯಲ್ಲೇ ಆಗುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಾನು ಮಾಡಿದ್ದು ಪರರ ಮನೆಗಲ್ಲ.

ನಮ್ಮ ಕಡೆ ಸತ್ತವರನ್ನು ಮಣ್ಣು ಮಾಡಿದ ಮೂರನೇ ದಿನ ಹಾಲುತುಪ್ಪ ಬಿಡುತ್ತಾರೆ. ಹೂತ ಗುಣಿಯ ಮೇಲೆ ಹಾಲು, ತುಪ್ಪ ಹೊಯ್ದು, ಬಾಳೆಎಲೆ ಹಾಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಬಡಿಸಿ ದೂರ ಸರಿದು ನಿಲ್ಲುತ್ತಾರೆ. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿತು ಅಂದರೆ ಹೋದ ಜೀವಕ್ಕೆ ಸಮಾಧಾನ, ಎಲ್ಲರೂ ಮನೆಗೆ ಹೋಗಿ ಊಟ ಮಾಡಬಹುದು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಥವಾ ಯಾರ ಮೇಲೋ ಸಿಟ್ಟಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಗುಣಿಗೆ ಕೈಮುಗಿದು ಮಾತು ಕೊಡಬೇಕು. ಯಾರ ಮಾತಿಗೆ ಕಾಗೆ ಇಳಿಯಿತೋ ಅದೇ ಸತ್ತವರ ಮನಸ್ಸಿನಲ್ಲಿದ್ದದ್ದು. ಬದುಕಿದ್ದಾಗ ಒಂದು ಲೋಟ ನೀರು ಕೊಡದ ಪುಣ್ಯಾತ್ಮರೂ ಅಲ್ಲಿ ನಿಂತು ಗೋಗರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮೂರ ಸ್ಮಶಾನ ಹೊಳೆ ದಂಡೆಯಲ್ಲೇ ಇದೆ. ಅಲ್ಲೊಂದು ದೊಡ್ಡ ಹೊಂಗೆ ಮರ, ಮರದ ಹಿಂದೆ ಪೊದೆ. ಯಾರ ಹಾಲುತುಪ್ಪವೇ ಇರಲಿ, ನಾವಿಬ್ಬರು ಆ ಪೊದೆಯಲ್ಲಿರುತ್ತಿದ್ದೆವು. ತೆಪ್ಪದಲ್ಲಿ ಮೀನು ಹಿಡಿಯುವ ಮಾದಣ್ಣ ಬಿಸಾಡಿದ ಕರುಳನ್ನು ಪ್ರಭು ಹಳೇ ಪೌಡರ್ ಡಬ್ಬಿಗೆ ತುಂಬಿ ತರುತ್ತಿದ್ದ. ನಾನು ನಾಲಿಗೆಯಲ್ಲಿ ಸದ್ದು ಮಾಡಿ ಎಡೆಯ ಪಕ್ಕಕ್ಕೆ ಒಂದು ಚೂರು ಎಸೆಯುತ್ತಿದ್ದೆ. ಕಾಗೆ ಇಳಿಯುತ್ತಿತ್ತು, ಜನ ಕೈಮುಗಿಯುತ್ತಿದ್ದರು. ಅವರು ಹೋದ ಮೇಲೆ ಎಲೆಯಲ್ಲಿದ್ದ ವಡೆ, ಕಜ್ಜಾಯ, ಬೇಯಿಸಿದ ಮೊಟ್ಟೆ ನಮ್ಮ ಪಾಲು. ಸ್ಮಶಾನದ ಎಡೆ ತಿನ್ನಬಾರದು ಎಂದು ಎಲ್ಲ ಮಕ್ಕಳಿಗೂ ಹೇಳಿರುತ್ತಾರೆ. ನಮಗೂ ಹೇಳಿದ್ದರು. ಅದಕ್ಕೇ ಅದರ ರುಚಿ ಹೆಚ್ಚು.

ಹಿಟ್ಟಿನ ಗಿರಣಿಯ ಪುಟ್ಟಮಾದಪ್ಪ ಸತ್ತಾಗಿನ ಕಥೆ ಹೇಳಬೇಕು. ಎಲೆ ಮೇಲೆ ಬಾಡು, ಬೀಡಿ ಕಟ್ಟು, ಕಾಲು ಬಾಟಲಿ ಬ್ರಾಂದಿ ಎಲ್ಲ ಇತ್ತು. ಅವರ ಗಂಡುಮಕ್ಕಳು ಮೂರು ಜನ, ಒಬ್ಬೊಬ್ಬನೂ ಒಂದೊಂದು ಕಳ್ಳ. ಅವತ್ತು ನನಗೆ ತಲೆಹರಟೆ ಹೆಚ್ಚಾಗಿ, ಕರುಳು ಎಸೆಯದೆ ಡಬ್ಬಿ ಮುಚ್ಚಿಕೊಂಡು ಕೂತೆ. ಕಾಗೆಗಳು ನನ್ನ ತಲೆ ಮೇಲಿನ ಕೊಂಬೆಯಲ್ಲಿ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಎಡೆಯ ಕಡೆ ತಿರುಗಿಯೂ ನೋಡಲಿಲ್ಲ. ಇಂಥ ಕೆಲಸಗಳಲ್ಲೆಲ್ಲ ಮುಂದೆ ನಿಲ್ಲುವ ಊರ ಹಿರಿಯ ಚಿಕ್ಕಸಿದ್ದಯ್ಯ, "ಏನೋ ಕೊರಗೈತೆ ಕಣ್ರಪ್ಪ, ಕೇಳ್ಕಳಿ" ಎಂದ. ದೊಡ್ಡ ಮಗ ಬಂದು ಗಿರಣಿ ಮಾರುವುದಿಲ್ಲ ಎಂದ. ಎರಡನೆಯವನು ಅಪ್ಪನ ಹೆಸರಿನಲ್ಲಿ ನೀರಿನ ತೊಟ್ಟಿ ಕಟ್ಟಿಸುತ್ತೇನೆ ಎಂದ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗು ತಡೆಯುತ್ತಿದ್ದೆ. ಕೊನೆಯವನಿಗೆ ಹೊಟ್ಟೆ ಹಸಿದಿತ್ತೋ ಏನೋ, ಸುತ್ತ ನೋಡಿ, ದೂರದಲ್ಲಿ ಒಬ್ಬಳೇ ನಿಂತಿದ್ದ ಗಂಡ ಸತ್ತ ಅಕ್ಕನನ್ನು ನೋಡಿ, "ಅಕ್ಕನ್ನ ಮನೆಯಿಂದ ಆಚೆಗ ಕಳ್ಸಕಿಲ್ಲ ಕಣಪ್ಪ" ಎಂದ.

ಪ್ರಭು ನನ್ನ ಪಕ್ಕೆಗೆ ತಿವಿದ. "ಈಗ ಬುಡ್ಲಾ."

"ಇನ್ನೊಂದ್ ಸೊಲ್ಪ ತಡಿ, ಮಜಾ ಐತೆ."

"ಈಗ್ಲೇ ಬುಡ್ಲಾ, ಬೇವಾರ್ಸಿ."

ಬಿಟ್ಟೆ. ಕಾಗೆ ಇಳಿಯಿತು. ಆ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು ಅತ್ತದ್ದು ಪೊದೆಯವರೆಗೂ ಕೇಳಿಸಿತು. ಇವತ್ತಿಗೂ ಆಯಮ್ಮ ಅದೇ ಮನೆಯಲ್ಲಿದ್ದಾರೆ. ತಮ್ಮಂದಿರು ಅಪ್ಪನಿಗೆ ಹೆದರಿದವರಲ್ಲ, ಕಾಗೆಗೆ ಹೆದರಿದ್ದಾರೆ. ನಮ್ಮ ಅಷ್ಟೂ ಪುಂಡಾಟದಲ್ಲಿ ಒಂದು ಒಳ್ಳೆಯದು ಆಗಿದ್ದರೆ ಅದು ಅದೊಂದೇ, ಅದೂ ನನ್ನದಲ್ಲ. ಯಾವಾಗ ಬಿಡಬೇಕು ಎಂದು ಪ್ರಭುವಿಗೆ ಗೊತ್ತಾಗುತ್ತಿತ್ತು. ನನಗೆ ಎಸೆಯುವುದಷ್ಟೇ ಗೊತ್ತಿತ್ತು.

ಇನ್ನೊಂದು ಆಟ ನನ್ನೊಬ್ಬನದೇ. ಸ್ಮಶಾನದ ಕೆಳಗೆ ಹೊಳೆಯೊಳಗೆ ಒಂದು ಬಂಡೆ ಇದೆ, ದಂಡೆಯಿಂದ ಎಂಟು ಹತ್ತು ಮಾರು ದೂರ. ನೀರಿನಲ್ಲಿ ಮುಳುಗಿರುತ್ತದೆ, ಹೊಸಬರಿಗೆ ಕಾಣಿಸುವುದಿಲ್ಲ. ಅದರ ಮೇಲೆ ನಿಂತರೆ ಸೊಂಟದವರೆಗೆ ನೀರು. ಬಂಡೆಯ ಸುತ್ತ ಆಳ. ಬೇಸಿಗೆಯಲ್ಲಿ ಜಲಪಾತ ನೋಡಲು ಬಂದ ಕಾಲೇಜು ಹುಡುಗರಿಗೆ ಅಲ್ಲಿ ನಿಂತು, "ಬನ್ನಿ ಅಣ್ಣ, ಸೊಂಟದುದ್ದ ಅಷ್ಟೆ" ಎಂದು ಕೂಗುತ್ತಿದ್ದೆ. ಅವರು ನಡೆಯುತ್ತ ಬಂದವರು ಗುಳಕ್ ಎಂದು ಮುಳುಗಿ, ನೀರು ಕುಡಿದು, ಎದ್ದು ನನ್ನ ಅಮ್ಮನನ್ನು ಬೈದು ಹೋಗುತ್ತಿದ್ದರು. ಬೇಸಿಗೆಯಲ್ಲಿ ನೀರು ನಿಂತಿರುತ್ತದೆ, ಯಾರಿಗೂ ಏನೂ ಆಗುತ್ತಿರಲಿಲ್ಲ. ಪ್ರಭುವಿಗೆ ಬಂಡೆಯ ವಿಷಯ ಹೇಳಿರಲಿಲ್ಲ. ಒಂದಲ್ಲ ಒಂದು ದಿನ ಅವನಿಗೂ ಈ ಆಟ ಕಟ್ಟಬೇಕು ಎಂದು ಉಳಿಸಿಕೊಂಡಿದ್ದೆ.

ಆರನೇ ಕ್ಲಾಸಿನ ಆ ಆಗಸ್ಟಿನಲ್ಲಿ ಮಳೆ ಚೆನ್ನಾಗಿ ಆಯಿತು. ಪೌಡರ್ ಡಬ್ಬಿ ನಮ್ಮ ಮನೆಯಲ್ಲಿ ನಾರುತ್ತದೆ ಎಂದು ಅಜ್ಜಿ ಮೂಗು ಮುರಿಯತೊಡಗಿದಾಗ ನಾನೇ ಅದನ್ನು ಪ್ರಭುವಿನ ಸ್ಕೂಲ್ ಬ್ಯಾಗಿಗೆ ತುರುಕಿದ್ದೆ. ಕ್ಲಾಸಿನಲ್ಲಿ ಮುಚ್ಚಳ ಕಳಚಿಕೊಂಡಿತು. ಪುಸ್ತಕವೆಲ್ಲ ಕೊಳೆತ ಕರುಳು, ಕ್ಲಾಸಿಗೆ ಕ್ಲಾಸೇ ಎದ್ದು ಹೊರಗೆ ಓಡಿತು. ಮೇಷ್ಟ್ರು ಚಿನ್ನಸ್ವಾಮಿ ಮಾವನನ್ನು ಕರೆಸಿದರು. ಮಾವ ಕೊಪ್ಪರಿಗೆಯ ಬೆಲ್ಲ ಬಿಟ್ಟು ಬಂದಿದ್ದರು, ಹದ ತಪ್ಪಿದರೆ ಯಜಮಾನನಿಂದ ಬೈಗುಳ ತಪ್ಪಿದ್ದಲ್ಲ, ಆ ಸಿಟ್ಟೂ ಸೇರಿತ್ತು. ಶಾಲೆ ಗೇಟಿನ ಮುಂದೆ, ಊರ ಜನ ನೋಡುತ್ತಿರುವಾಗ, ಹುಣಸೆ ಬರಲು ಮುರಿದುಕೊಂಡು ಬಾರಿಸಿದರು.

"ಮೀನಿನ ಕಳ್ಳು ಸ್ಕೂಲ್ಗ ತರದ ಯಾರ್ಲಾ ಕಲ್ಸುದ್ದು? ಏಳ್ಲಾ! ಯಾರದು ಈ ಬುದ್ದಿ?"

ನಾನು ಹತ್ತು ಹೆಜ್ಜೆ ಆಚೆ ಬೋರ್‌ವೆಲ್ಲಿನ ಹಿಡಿ ಹಿಡಿದು ನಿಂತಿದ್ದೆ. ಪ್ರಭು ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ನೆಲ ನೋಡಿದ. ಬರಲು ಮುರಿಯುವವರೆಗೂ ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ. ಮಾವ ಮುರಿದ ತುಂಡನ್ನು ಎಸೆದು, "ಓಗು, ಒಳೆಗೆ ಬಿದ್ದು ಸಾಯೋಗು" ಎಂದು ಹೊರಟುಹೋದರು. ಅದು ನಮ್ಮೂರಲ್ಲಿ ದಿನಕ್ಕೆ ನೂರು ಸಲ ಕೇಳುವ ಬೈಗುಳ. ನಮ್ಮಜ್ಜಿ ನನಗೆ ತಿಂಡಿ ಕೊಡುವಾಗಲೂ ಹಾಗೇ ಅನ್ನುತ್ತಿತ್ತು. ಅವತ್ತು ಮಾತ್ರ ಐವತ್ತು ಜನ ಕೇಳಿಸಿಕೊಂಡರು.

ಮಾರನೇ ದಿನ ಇಬ್ಬರೂ ಶಾಲೆ ತಪ್ಪಿಸಿ ಹೊಳೆಗೆ ಹೋದೆವು. ಮೇಲಿನ ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರು. ಹೊಳೆಗೆ ಇಳಿಯಬೇಡಿ ಎಂದು ಆಟೊಗೆ ಮೈಕು ಕಟ್ಟಿಕೊಂಡು ಎರಡು ದಿನದಿಂದ ಸಾರುತ್ತಿದ್ದರು. ನೀರು ಕೆಂಪಾಗಿತ್ತು, ದಂಡೆಯ ಹುಲ್ಲಿನವರೆಗೂ ಏರಿತ್ತು. ಪ್ರಭು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತ. ಅವನ ಕಾಲಿನ ಮೇಲೆ ಬಾಸುಂಡೆ ಎದ್ದಿದ್ದವು.

"ನಾ ಇನ್ನು ಬರಕಿಲ್ಲ ಕಣ್ಲಾ ಕಾಗೆ," ಎಂದ. "ಮೀನಿನ ಕಳ್ಳು ಗಿಳ್ಳು ಎಲ್ಲ ಬುಟ್ಬುಟ್ಟೆ. ನಮ್ಮಪ್ಪನ ಬೆಲ್ಲ ಕೆಟ್ಟೋಯ್ತಂತೆ."

ಅವನ ಮುಖ ನೋಡಲಾಗಲಿಲ್ಲ. ಕ್ಷಮಿಸು ಎನ್ನುವುದು ನಮಗೆ ಗೊತ್ತಿದ್ದ ಮಾತಲ್ಲ. ನಗಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಅವನು ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಾಗ ಅಂಗಿ ಬಿಚ್ಚಿ ನೀರಿಗೆ ಇಳಿದು ಈಜಿ ಬಂಡೆ ಹುಡುಕಿ ನಿಂತೆ. ಸೊಂಟದ ಬದಲು ಎದೆಯವರೆಗೆ ನೀರು ಬಂತು. ಸೆಳೆತಕ್ಕೆ ಕಾಲು ಜಾರುತ್ತಿತ್ತು, ಬೆರಳು ಒತ್ತಿ ಹಿಡಿದೆ. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು. ಆದರೂ ಕೈ ಎತ್ತಿ ಕೂಗಿದೆ.

"ಬಾರ್ಲಾ ಪ್ರಭು! ಆಳನೇ ಇಲ್ಲ, ನೋಡು, ನಿಂತಿವ್ನಿ. ನಡ್ಕಂಡೇ ಬಂದೆ!"

ಅವನಿಗೆ ಈಜು ಅಷ್ಟಕ್ಕಷ್ಟೆ. ನಾನು ಹೇಳಿದೆ ಎಂದು ನಂಬಿದ. ಚಡ್ಡಿ ಮೇಲೆತ್ತಿಕೊಂಡು ನಡೆಯುತ್ತ ಬಂದ. ಮೊಣಕಾಲು, ತೊಡೆ, ಸೊಂಟ. ನನಗೆ ಎರಡು ಮಾರು ದೂರದಲ್ಲಿ ಅವನ ಕಾಲಿಗೆ ನೆಲ ಸಿಗಲಿಲ್ಲ. ಒಂದು ಸಲ ಮುಳುಗಿ ಎದ್ದ. ಎದ್ದಾಗ ಅವನ ಮುಖದಲ್ಲಿ ನಗು ಇತ್ತು. ಆಟ ಗೊತ್ತಾಗಿತ್ತು ಅವನಿಗೆ. "ಲೇ ಕಾಗೆ" ಎಂದ. ಬೈಗುಳ ಪೂರ್ತಿ ಮಾಡಲು ಬಾಯಿ ತೆರೆದ. ಅಷ್ಟರಲ್ಲಿ ಸೆಳವು ಅವನನ್ನು ಪಕ್ಕಕ್ಕೆ ತಿರುಗಿಸಿತು. ನಾನು ಕೈ ಚಾಚಿದೆ. ಚಾಚಿದೆ ಎಂದೇ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಆಮೇಲೆ ಬರೀ ನೀರು.

ಯಾರನ್ನಾದರೂ ಕೂಗಬೇಕಿತ್ತು. ಮಾದಣ್ಣನ ಗುಡಿಸಲು ಕೂಗಳತೆಯಲ್ಲಿತ್ತು. ನಾನು ದಂಡೆಗೆ ಈಜಿ ಬಂದು, ಅಂಗಿ ಹಾಕಿಕೊಂಡು, ಪ್ರಭುವಿನ ಚಪ್ಪಲಿ ಎರಡನ್ನೂ ಹೊಳೆಗೆ ಎಸೆದೆ. ಯಾಕೆ ಎಸೆದೆ ಎಂದು ಕೇಳಿದರೆ ಉತ್ತರ ಇದೆ, ಹನ್ನೆರಡು ವರ್ಷದ ಹುಡುಗ ದಡ್ಡನಿರಬಹುದು, ತಪ್ಪು ಮುಚ್ಚಿಡುವ ಬುದ್ಧಿ ಅವನಿಗೆ ಚೆನ್ನಾಗಿಯೇ ಇರುತ್ತದೆ. ಮನೆಗೆ ಬಂದೆ. ಅಜ್ಜಿ ಇಟ್ಟ ಮುದ್ದೆ ಉಂಡೆ. ಉಂಡೆ ಎನ್ನುವುದನ್ನೂ ಹೇಳಲೇಬೇಕು.

ಸಂಜೆ ಪುಟ್ಟಗೌರತ್ತೆ ಬಂದು ಪ್ರಭುವನ್ನು ಕಂಡೆಯಾ ಎಂದರು. ಇಲ್ಲ ಎಂದೆ. ಚಿನ್ನಸ್ವಾಮಿ ಮಾವ ಬಂದು ಮತ್ತೆ ಕೇಳಿದರು. ಅವರ ಕಣ್ಣು ನೋಡಿ ಹೆದರಿ, ಯಾರೂ ಹೊಳೆ ಕಡೆ ಹೋಗದಿರಲಿ ಎಂದು, "ಮಾದಪ್ಪನ ಬೆಟ್ಟಕ್ಕೆ ಓಯ್ತೀನಿ ಅಂತಿದ್ದ" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಮಾವ ಮಗನ ಸ್ಕೂಲ್ ಫೋಟೊ ಹಿಡಿದು ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಹನೂರು, ಕೌದಳ್ಳಿ, ಬೆಟ್ಟದವರೆಗೂ ಎರಡು ದಿನ ಅಲೆದರು. ಬಸ್ಸಿನವರಿಗೆ, ಕಾಲ್ನಡಿಗೆಯವರಿಗೆ, ದಾಸೋಹದ ಸಾಲಿನಲ್ಲಿ ನಿಂತವರಿಗೆಲ್ಲ ಫೋಟೊ ತೋರಿಸಿದರಂತೆ. ಅವರು ಅಲ್ಲಿ ಅಲೆಯುತ್ತಿರುವಾಗಲೇ ಇಲ್ಲಿ ಕೆಳಗಿನ ಬಂಡೆ ಸಾಲಿನಲ್ಲಿ ಪ್ರಭು ಸಿಕ್ಕಿದ. ಊರಿಗೆ ಯಾವ ಅನುಮಾನವೂ ಇರಲಿಲ್ಲ. ಅಪ್ಪ ಹೊಡೆದ, ಹೊಳೆಗೆ ಬಿದ್ದು ಸಾಯಿ ಎಂದ, ಹುಡುಗ ಹೋಗಿ ಬಿದ್ದ.

ಹಾಲುತುಪ್ಪದ ದಿನ ನಾನು ಬೆಳಗ್ಗೆಯೇ ಮಾದಣ್ಣನ ಹತ್ತಿರ ಹೋಗಿ ಕರುಳು ತಂದು ಇನ್ನೊಂದು ಡಬ್ಬಿಗೆ ತುಂಬಿ ಚಡ್ಡಿ ಜೇಬಿಗೆ ಇಳಿಸಿಕೊಂಡೆ. ಅವನ ಎಡೆಗೆ ಕಾಗೆ ತಡ ಮಾಡಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಪುಟ್ಟ ಗುಣಿ. ಎಲೆ ಮೇಲೆ ಕೊಳ್ಳೇಗಾಲದಿಂದ ತರಿಸಿದ ಗೋಬಿ ಮಂಚೂರಿ, ಬೋಂಡ, ಮಾವಿನ ಜ್ಯೂಸಿನ ಬಾಟಲಿ, ಐದು ರೂಪಾಯಿಯ ಚಿಪ್ಸ್ ಪೊಟ್ಟಣ. ಎಲ್ಲರೂ ದೂರ ಸರಿದು ನಿಂತರು. ನಾನೂ ಜನರ ನಡುವೆ ಹೊಂಗೆ ಮರದ ಕೆಳಗೆ ನಿಂತೆ. ಕಾಗೆಗಳು ಬಂದವು. ಬಂದು ನನ್ನ ತಲೆ ಮೇಲಿನ ಕೊಂಬೆಯಲ್ಲಿ ಸಾಲಾಗಿ ಕೂತವು. ಎಡೆಯ ಕಡೆ ಒಂದೂ ಹೋಗಲಿಲ್ಲ. ಅವು ನೋಡುತ್ತಿದ್ದದ್ದು ನನ್ನ ಜೇಬನ್ನು.

"ಬಂದವೆ, ಮುಟ್ತಾ ಇಲ್ಲ," ಎಂದರು ಯಾರೋ. "ಸಿಟ್ಟೈತೆ."

ಅರ್ಧ ಗಂಟೆಯಾಯಿತು. ಪುಟ್ಟಗೌರತ್ತೆ ಗುಣಿಯ ಮುಂದೆ ಕೂತು, ನೀನು ಕೇಳುತ್ತಿದ್ದ ಸೈಕಲ್ ತಂದು ಇಲ್ಲೇ ನಿಲ್ಲಿಸುತ್ತೇನೆ, ಮುಟ್ಟಪ್ಪ ಎಂದರು. ದೀಪ ಬಂದು, ನಿನ್ನ ಮೇಲೆ ಯಾವತ್ತೂ ಚಾಡಿ ಹೇಳಲ್ಲ ಎಂದಳು. ಜನರ ನಡುವಿನಿಂದ ಕಾಲು ಕೀಳಲು ಆಗಲಿಲ್ಲ. ಆಗ ಚಿಕ್ಕಸಿದ್ದಯ್ಯ ಗಂಟಲು ಸರಿಮಾಡಿಕೊಂಡು, "ಚಿನ್ನಸ್ವಾಮಿ, ಇದು ನಿನ್ನಿಂದ್ಲೇ ಆಗ್ಬೇಕು. ಕೇಳ್ಕೊ" ಎಂದ.

ಮಾವ ಗುಣಿಯ ಮುಂದೆ ಬೋರಲು ಬಿದ್ದರು. ಇನ್ನು ಯಾವ ಮಗುವಿನ ಮೇಲೂ ಕೈ ಎತ್ತಲ್ಲ ಎಂದರು. ಕಾಗೆ ಇಳಿಯಲಿಲ್ಲ. ವರ್ಷ ವರ್ಷ ಬೆಟ್ಟಕ್ಕೆ ಬರಿಗಾಲಲ್ಲಿ ಹೋಗಿಬರುತ್ತೇನೆ ಎಂದರು. ಇಳಿಯಲಿಲ್ಲ. ಅವರ ಅಳು ಗಂಡಸಿನ ಅಳುವಿನ ಹಾಗಿರಲಿಲ್ಲ, ಕೇಳಲು ಆಗುತ್ತಿರಲಿಲ್ಲ. ಕಾಗೆ ಬೇಗ ಬಂದರೆ ಈ ಅಳು ಬೇಗ ನಿಲ್ಲುತ್ತದೆ ಎಂದು ನಾನು ಮೆಲ್ಲಗೆ ಹಿಂದೆ ಸರಿದು ಪೊದೆಗೆ ಹೋದೆ. ಡಬ್ಬಿ ತೆಗೆದೆ. ಅಲ್ಲಿಂದ ಅಳುವಿನ ನಡುವೆ ಮಾವನ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಈಗ ಬಿಡು ಎಂದು ಪಕ್ಕೆಗೆ ತಿವಿಯುವವನು ಮಣ್ಣಿನೊಳಗಿದ್ದ. ನಾಲಿಗೆಯಲ್ಲಿ ಸದ್ದು ಮಾಡಿ ಎಸೆದೆ.

ಅದೇ ಗಳಿಗೆಯಲ್ಲಿ ಮಾವ ತಲೆ ಎತ್ತಿ ಕೂಗಿದ್ದು ಮಾತ್ರ ನನಗೂ ಕೇಳಿಸಿತು, ಊರಿಗೂ ಕೇಳಿಸಿತು. "ನಾನೇ ಕಣಪ್ಪ ನಿನ್ನ ಕೊಂದುದ್ದು! ನಾನೇ ಕೊಂದೆ!"

ಐದಾರು ಕಾಗೆ ಒಟ್ಟಿಗೆ ಎಡೆಯ ಮೇಲೆ ಬಿದ್ದವು.

ಚಿಕ್ಕಸಿದ್ದಯ್ಯ ಕೈಮುಗಿದು, "ಒಪ್ಕಂಡ" ಎಂದ. ಪುಟ್ಟಗೌರತ್ತೆ ಎದ್ದು ನಿಂತು ಗಂಡನನ್ನು ನೋಡಿದರು. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಬರೀ ನೋಡಿದರು. ತಿಂಗಳು ತುಂಬುವುದರೊಳಗೆ ದೀಪಳನ್ನು ಕರೆದುಕೊಂಡು ತವರಿಗೆ, ಅಜ್ಜೀಪುರಕ್ಕೆ, ಹೋದವರು ಹಿಂತಿರುಗಲಿಲ್ಲ. ನನ್ನ ಮೇಲೆ ಅತ್ತೆಗೆ ಯಾವ ಅನುಮಾನವೂ ಬರಲಿಲ್ಲ. ಹೋಗುವ ದಿನ ಪ್ರಭುವಿನ ಹೊಸ ಅಂಗಿಯೊಂದನ್ನು ನನಗೇ ಕೊಟ್ಟು ಹೋದರು.

ಈಗ ನನಗೆ ಇಪ್ಪತ್ತೆರಡು. ಸತ್ತೇಗಾಲದ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಹನೂರು ಕಡೆ ಗಾಡಿ ಹೊಡೆಯುತ್ತೇನೆ. ಹೋದ ವಾರ ಅಜ್ಜೀಪುರದಿಂದ ಮದುವೆಗೆ ಕಾಯಿ ಬೇಕು ಎಂದು ಫೋನು ಬಂತು. ಹೋಗಿ ನೋಡಿದರೆ ಮದುವೆ ದೀಪಳದು. ಇಳಿಸುವಾಗ ಅವಳು ಹತ್ತಿರ ಬಂದಳು.

"ಶಂಕ್ರ, ಅಪ್ಪ ಎಂಗವ್ನೆ?"

"ಅವ್ರೆ."

"ಧಾರೆಗೆ ಅಪ್ಪನ್ನ ಕರ್ಯವ ಅಂದ್ರೆ ಅವ್ವ ಒಪ್ತಾ ಇಲ್ಲ ಕಣೋ. ಮಗನ್ನ ಕೊಂದ ಕೈಲಿ ಮಗಳ ಧಾರೆ ಎರ್ಸಲ್ಲ ಅಂತಾಳೆ." ಅಷ್ಟು ಹೇಳಿ ಅವಳು ಕಾಯಿಯ ರಾಶಿಯ ಪಕ್ಕ ಕೂತು ಅತ್ತಳು.

ಪುಟ್ಟಗೌರತ್ತೆ ಹತ್ತು ಹೆಜ್ಜೆ ಆಚೆ, ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಅಲ್ಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಅವರ ಕಣ್ಣಿಗೆ ನನಗೆ ಹೆದರಿಕೆ. ಮಾವ ಮೆದು ಮನುಷ್ಯ, ಅವರಿಗೆ ಹೇಳಿದರೆ ಸಾಕು, ಅವರೇ ಬಂದು ಹೆಂಡತಿಗೆ ಹೇಳುತ್ತಾರೆ ಎಂದು ಲೆಕ್ಕ ಹಾಕಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ನಂಬದಿದ್ದರೆ ತೋರಿಸೋಣ ಎಂದು ಮಾದಣ್ಣನ ಹತ್ತಿರ ಒಂದು ಕವರ್ ಮೀನಿನ ಕರುಳು ಕೂಡ ಹಾಕಿಸಿಕೊಂಡೆ.

ಮಾವ ಹಿತ್ತಿಲಿನಲ್ಲಿ ಕೂತಿದ್ದರು. ಒಣಗಿ ಕಡ್ಡಿಯಾಗಿದ್ದಾರೆ. ದಿನಾ ಬೆಳಗ್ಗೆ ಗೋಡೆ ಮೇಲೆ ಎಲೆ ಹಾಕಿ ಮಗನಿಗೆ ಎಡೆ ಇಡುತ್ತಾರೆ, ಕಾಗೆ ಮುಟ್ಟಿದ ಮೇಲೇ ತಾವು ಉಣ್ಣುವುದು. ಮುಟ್ಟದ ದಿನ ಉಪವಾಸ. ಅವತ್ತು ಮೂರು ಗಂಟೆಯಾಗಿದ್ದರೂ ಎಲೆಯಲ್ಲಿ ಅನ್ನ ಹಾಗೇ ಇತ್ತು.

"ಮಾವ, ಪ್ರಭು ತಾನಾಗಿ ಒಳೆಗೆ ಬೀಳ್ನಿಲ್ಲ," ಎಂದೆ. "ನಾನೇ ಕರ್ದಿದ್ದು. ಬಂಡೆ ಮ್ಯಾಲೆ ನಿಂತ್ಕಂಡು ಆಳ ಇಲ್ಲ ಬಾ ಅಂತ ಸುಳ್ಳೇಳ್ದೆ. ನನ್ನ ನಂಬ್ಕಂಡು ಬಂದ." ಬಾಸುಂಡೆಯಿಂದ ಹಿಡಿದು ಚಪ್ಪಲಿ ಎಸೆದದ್ದರವರೆಗೆ ಎಲ್ಲ ಹೇಳಿದೆ.

"ಅಜ್ಜೀಪುರಕ್ಕೆ ಓಗಿದ್ಯಾ?" ಎಂದರು ಕೊನೆಗೆ.

"ಊಂ."

"ದೀಪ ಅತ್ಲಾ?"

"ಊಂ."

ಅವರು ನಕ್ಕರು. ಹತ್ತು ವರ್ಷದಲ್ಲಿ ನಾನು ಕಂಡ ಮೊದಲ ನಗು. "ಅದುಕ್ಕೇ ಬಂದು ನನ್ನ ತಪ್ಪ ನಿನ್ನ ತಲೆ ಮ್ಯಾಲೆ ಎಳ್ಕತಾ ಇದ್ದೀಯ. ಬ್ಯಾಡ ಮಗ. ಅವ್ನೇ ಕಾಗೆಯಾಗಿ ಬಂದು ಏಳೋಗವ್ನೆ, ಊರೇ ನೋಡೈತೆ."

"ಅದೂ ನಾನೇ ಮಾವ! ಕಾಗೆ ಕರ್ದೋನು ನಾನು. ಪೊದೆಲಿ ಕುಂತ್ಕಂಡು ಮೀನಿನ ಕಳ್ಳು ಎಸ್ದೆ. ನೋಡಿ ಬೇಕಾರೆ!"

ಕವರ್ ಬಿಚ್ಚಿದೆ. ಹತ್ತು ವರ್ಷ ಆ ಸದ್ದು ಮಾಡಿರಲಿಲ್ಲ, ನಾಲಿಗೆ ಒಣಗಿತ್ತು. ಆದರೂ ಟಕ್ ಟಕ್ ಎಂದು ಗೋಡೆ ಮೇಲೆ ಎಲೆಯ ಪಕ್ಕಕ್ಕೆ ಎಸೆದೆ. ಮೊದಲು ಪಕ್ಕದ ಮನೆಯ ಶೀಟಿನ ಮೇಲಿಂದ ಒಂದು ಬಂತು. ಆಮೇಲೆ ನಾಲ್ಕೈದು. ಕರುಳು ಕಿತ್ತಾಡಿ ತಿಂದವು, ಅನ್ನಕ್ಕೂ ಬಾಯಿ ಹಾಕಿದವು. ಈಗಲಾದರೂ ಅರ್ಥವಾಯಿತಲ್ಲ ಎಂದು ಅವರ ಕಡೆ ತಿರುಗಿದೆ.

ಚಿನ್ನಸ್ವಾಮಿ ಮಾವ ಎದ್ದು ನಿಂತು ಕೈಮುಗಿದಿದ್ದರು. ಕಣ್ಣಿಂದ ಧಾರಾಕಾರ ನೀರು.

"ಬೆಳಗಿಂದ ಒಂದೂ ಬಂದಿರ್ನಿಲ್ಲ ಕಣಪ್ಪ," ಎಂದರು. "ನೀನು ಬಂದಿದ್ದೀಯ ಅಂತ ಬಂದವ್ನೆ ನೋಡು. ನಿನ್ನ ಕಂಡ್ರೆ ಅವನ್ಗ ಅಷ್ಟು ಪ್ರಾಣ."

ನನಗೆ ಕೂಗಿಕೊಳ್ಳಬೇಕು ಅನ್ನಿಸಿತು. ಮಾವ ಒಳಗೆ ಹೋಗಿ ತಟ್ಟೆ ತಂದರು, ಮುದ್ದೆ ಮುರಿದು ಎರಡು ತುತ್ತು ಉಂಡರು, ನನಗೂ ಕೊಟ್ಟರು. ಕೈ ತೊಳೆದು ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು.

"ಒಂದು ಮಾತು. ನೀ ಈಗ ಅಂದುದ್ದ ಗೌರಿ ಕಿವಿಗ ಆಕ್ಬ್ಯಾಡ. ಅವಳು ನಿಜ ಅಂತ ನಂಬ್ಬುಡ್ತಾಳೆ. ನಿನ್ಗ ಶಾಪ ಆಕ್ತಾಳೆ. ಒಬ್ಬ ಮಗ ಓಗಿದ್ದು ಸಾಕು. ಏಳಕಿಲ್ಲ ಅಂತ ಆಣೆ ಮಡುಗು."

ಅತ್ತೆ ನಂಬುತ್ತಾರೆ ಎನ್ನುವುದು ನನಗೂ ಗೊತ್ತಿತ್ತು. ನಂಬಿದರೆ ಮಗಳ ಧಾರೆಗೆ ಗಂಡನನ್ನು ಕರೆಯುತ್ತಾರೆ ಎನ್ನುವುದೂ ಗೊತ್ತಿತ್ತು. ಮದುವೆಗೆ ಇನ್ನೂ ಎಂಟು ದಿನವಿತ್ತು, ಗಾಡಿಯಲ್ಲಿ ಡೀಸೆಲ್ ಇತ್ತು. ಮಾವ ಅಂಗೈ ಮುಂದೆ ಮಾಡಿದರು.

ಅವತ್ತು ಹೊಳೆಯಲ್ಲಿ ಬಂಡೆ ಮೇಲೆ ನಿಂತು ಪ್ರಭುವಿಗೆ ನಾನು ಕೈ ಚಾಚಿದೆನೋ ಇಲ್ಲವೋ, ನಿಜವಾಗಿ ನನಗೆ ನೆನಪಿಲ್ಲ. ಆದರೆ ಅವನ ಅಪ್ಪನ ಅಂಗೈ ಮೇಲೆ ಕೈ ಇಟ್ಟದ್ದು ಚೆನ್ನಾಗಿ ನೆನಪಿದೆ. ಒಂದು ಗಳಿಗೆಯೂ ತಡ ಮಾಡಲಿಲ್ಲ.